ವಿವೇಕಾನಂದರ ರೈಲು

ನಮ್ಮ ಶಿರಸಿಗೆ ಇವತ್ತಿಗೂ ರೈಲಿಲ್ಲ. ಬಸ್ಸಲ್ಲಿ ಹುಬ್ಬಳ್ಳಿಗೋ ಕುಮಟಾಕ್ಕೋ ಹೋಗಿ ಹಿಡೀಬೇಕು. ಅದಕ್ಕೇ ಏನೋ, ಸ್ವಾಮಿ ವಿವೇಕಾನಂದರ ಜೀವನದಲ್ಲಿ ನನಗೆ ಅವರ ರೈಲು ಪ್ರಯಾಣಗಳೇ ಜಾಸ್ತಿ ನೆನಪಿರೋದು.

1863ರ ಜನವರಿ 12ರಂದು ಕಲ್ಕತ್ತೆಯಲ್ಲಿ ಹುಟ್ಟಿದ ನರೇಂದ್ರನಾಥ ದತ್ತ, ತಂದೆ ತೀರಿಕೊಂಡ ಮೇಲೆ ಊಟಕ್ಕೂ ಕಷ್ಟ ಕಂಡವರು. ರಾಮಕೃಷ್ಣ ಪರಮಹಂಸರ ಶಿಷ್ಯರಾದರು, ಸನ್ಯಾಸಿಯಾಗಿ ದೇಶ ಸುತ್ತಿದರು. 1892ರಲ್ಲಿ ನಮ್ಮ ಬೆಳಗಾವಿ, ಮೈಸೂರಿಗೂ ಬಂದಿದ್ದರು. ಯಾರಾದ್ರೂ ಟಿಕೆಟ್ ತೆಗೆಸಿಕೊಟ್ಟರೆ ರೈಲು, ಇಲ್ಲದಿದ್ದರೆ ನಡಿಗೆ. ಮರುವರ್ಷ ಷಿಕಾಗೋ ಭಾಷಣದಿಂದ ಜಗತ್ತಿಗೇ ಗೊತ್ತಾದರು.

1900ರ ಅಕ್ಟೋಬರ್ 24ರಂದು ಅದೇ ಸನ್ಯಾಸಿ ಪ್ಯಾರಿಸಿನಲ್ಲಿ ಓರಿಯಂಟ್ ಎಕ್ಸ್‌ಪ್ರೆಸ್ ಹತ್ತಿದರು. ಆಗಿನ ಯುರೋಪಿನ ದೊಡ್ಡ ಐಷಾರಾಮಿ ರೈಲು ಅದು. ಜೊತೆಗೆ ಪ್ರಸಿದ್ಧ ಗಾಯಕಿ ಎಮ್ಮಾ ಕಾಲ್ವೆ, ಲೇಖಕ ಜೂಲ್ಸ್ ಬುವಾ ಇದ್ದರು. ಮರುದಿನ ವಿಯೆನ್ನಾ. ಅಲ್ಲಿ ಷೋನ್‌ಬ್ರುನ್ ಅರಮನೆ ನೋಡಿದರು. ನೆಪೋಲಿಯನ್ನನ ಮಗ ಚಿಕ್ಕ ವಯಸ್ಸಲ್ಲೇ ಸತ್ತ ಅರಮನೆ. ಮುಂದೆ ಕಾನ್‌ಸ್ಟಾಂಟಿನೋಪಲ್, ಅಥೆನ್ಸ್, ಈಜಿಪ್ಟ್. ಆದರೆ ದೇಹ ದಣಿದಿತ್ತು, ಮನಸ್ಸು ಊರ ಕಡೆ ಎಳೆಯುತ್ತಿತ್ತು. ಈಜಿಪ್ಟಿನಲ್ಲೇ ಪ್ರವಾಸ ಬಿಟ್ಟು ಹಡಗು ಹತ್ತಿದರು.

ಡಿಸೆಂಬರ್ 9ರ ರಾತ್ರಿ, ಯಾರಿಗೂ ಹೇಳದೆ, ಕಲ್ಕತ್ತೆ ಹತ್ತಿರದ ಬೇಲೂರು ಮಠ ಮುಟ್ಟಿದರು. ಗೇಟಿಗೆ ಬೀಗ! ಒಳಗೆ ಊಟದ ಗಂಟೆ ಹೊಡೆದಿತ್ತು. ಕಾಯದೆ ಗೇಟು ಹಾರಿ ಹೋಗಿ, ಎಲ್ಲರ ಜೊತೆ ಕೂತು ಹೊಟ್ಟೆ ತುಂಬ ಕಿಚಡಿ ಉಂಡರು. 1902ರ ಜುಲೈ 4ರಂದು ಅದೇ ಮಠದಲ್ಲಿ ತೀರಿಕೊಂಡಾಗ ಅವರಿಗೆ ಬರೀ 39 ವರ್ಷ.

ಹಾಸ್ಟೆಲ್ಲಿಂದ ಊರಿಗೆ ಹೋಗಿ ಮಧ್ಯರಾತ್ರಿ ಬಾಗಿಲು ಬಡಿಯೋ ನಮಗೆ ಓರಿಯಂಟ್ ಎಕ್ಸ್‌ಪ್ರೆಸ್ ದೂರದ ಮಾತು. ಆ ಗೇಟು ಮಾತ್ರ ಚೆನ್ನಾಗಿ ಅರ್ಥ ಆಗುತ್ತೆ.