ದೇಶಕಾಲಗಳನ್ನು ಬೆಸೆದ ಮಿಂಕೋವ್‌ಸ್ಕಿ

ಶಿಷ್ಯನಿಂದ ಸೋಲುವುದೇ ಗುರುವಿಗೆ ಗೆಲುವೆಂಬುದು ನಮ್ಮ ಹಿರಿಯರ ನಂಬಿಕೆ. ಆ ಸೋಲನ್ನು ಸಂತೋಷದಿಂದ ಒಪ್ಪಿಕೊಂಡು, ಶಿಷ್ಯನ ಚಿಂತನೆಯನ್ನು ಬೆಳಗಿಸಲು ತಮ್ಮ ವಿದ್ಯೆಯನ್ನೆಲ್ಲ ಧಾರೆಯೆರೆದವರು ವಿರಳ. ಜರ್ಮನಿಯ ಗಣಿತಜ್ಞ ಹರ್ಮನ್ ಮಿಂಕೋವ್‌ಸ್ಕಿ ಅಂತಹ ವಿರಳರಲ್ಲೊಬ್ಬರು.

ಮಿಂಕೋವ್‌ಸ್ಕಿ 1864ರ ಜೂನ್ 22ರಂದು ಅಲೆಕ್ಸೋಟಾಸ್ ಎಂಬ ಊರಿನ ಯಹೂದಿ ವರ್ತಕ ಕುಟುಂಬದಲ್ಲಿ ಜನಿಸಿದರು. ಆಗ ರಷ್ಯಾ ಸಾಮ್ರಾಜ್ಯಕ್ಕೆ ಸೇರಿದ್ದ ಆ ಊರು ಇಂದು ಲಿಥುವೇನಿಯದ ಕೌನಸ್ ನಗರದ ಒಂದು ಭಾಗ. ರಷ್ಯಾದಲ್ಲಿ ಯಹೂದಿಗಳಿಗೆ ವಿದ್ಯೆ ಉದ್ಯೋಗಗಳ ಬಾಗಿಲು ಸುಲಭವಾಗಿ ತೆರೆಯುತ್ತಿರಲಿಲ್ಲ. 1872ರಲ್ಲಿ ಕುಟುಂಬವು ಪ್ರಷ್ಯದ ಕೋನಿಗ್ಸ್‌ಬರ್ಗ್ ನಗರಕ್ಕೆ ಬಂದು ನೆಲೆಸಿತು. ಅಣ್ಣ ಆಸ್ಕರ್ ಮುಂದೆ ವೈದ್ಯರಾಗಿ, ಮೇದೋಜೀರಕ ಗ್ರಂಥಿಗೂ ಮಧುಮೇಹಕ್ಕೂ ಇರುವ ಸಂಬಂಧವನ್ನು ಕಂಡುಹಿಡಿದವರಲ್ಲಿ ಒಬ್ಬರೆನಿಸಿದರು. ತಮ್ಮನ ಒಲವು ಗಣಿತದ ಕಡೆಗೆ ಹರಿಯಿತು.

ಸಂಖ್ಯೆಯೊಂದನ್ನು ಐದು ವರ್ಗಗಳ ಮೊತ್ತವಾಗಿ ಎಷ್ಟು ಬಗೆಯಲ್ಲಿ ಬರೆಯಬಹುದೆಂಬ ಪ್ರಶ್ನೆಗೆ ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಯು ಬಹುಮಾನ ಸಾರಿತ್ತು. ವಿದ್ಯಾರ್ಥಿಯಾಗಿದ್ದ ಮಿಂಕೋವ್‌ಸ್ಕಿ ಉತ್ತರವನ್ನು ಕಳುಹಿಸಿದರು. ಪ್ರಬಂಧವು ಫ್ರೆಂಚ್ ಭಾಷೆಯಲ್ಲಿರಬೇಕೆಂಬುದು ನಿಯಮ. ಅವರದು ಜರ್ಮನ್ ಭಾಷೆಯಲ್ಲಿತ್ತು. ಆದರೂ ಅಕಾಡೆಮಿಯು ಅದರ ಸತ್ವವನ್ನು ಮನ್ನಿಸಿ, 1883ರಲ್ಲಿ ಇಂಗ್ಲೆಂಡಿನ ಹಿರಿಯ ಗಣಿತಜ್ಞ ಹೆನ್ರಿ ಸ್ಮಿತ್ ಅವರೊಡನೆ ಈ ತರುಣನನ್ನೂ ಪುರಸ್ಕರಿಸಿತು. ಆಗ ಅವರಿಗೆ ಹದಿನೆಂಟು ವರ್ಷ. ಇದೇ ಕಾಲದಲ್ಲಿ ದೊರೆತ ಗೆಳೆಯ ಡೇವಿಡ್ ಹಿಲ್ಬರ್ಟ್ ಅವರ ಸ್ನೇಹ ಕಡೆಯವರೆಗೂ ಉಳಿಯಿತು.

ಕ್ಲಿಷ್ಟವಾದುದನ್ನು ಚಿತ್ರದಲ್ಲಿ ಕಾಣುವುದು ಮಿಂಕೋವ್‌ಸ್ಕಿಯವರ ವಿಶೇಷ ಪ್ರತಿಭೆ. ಸಂಖ್ಯೆಗಳ ಗುಣಗಳನ್ನು ತಿಳಿಯಲು ಅವರು ಚೌಕುಳಿ ಕಾಗದದ ಮೇಲಿನ ಬಿಂದುಗಳಂತಹ ಜಾಲವನ್ನು ಬಳಸಿದರು. ಬೇರೆಯವರು ಪುಟಗಟ್ಟಲೆ ಲೆಕ್ಕದಿಂದ ಸಾಧಿಸುತ್ತಿದ್ದುದು ಅವರಿಗೆ ಒಂದು ಆಕೃತಿಯನ್ನು ನೋಡಿದಾಗ ಹೊಳೆಯುತ್ತಿತ್ತು. ಈ ವಿಧಾನವನ್ನು ವಿವರಿಸುವ 'ಸಂಖ್ಯೆಗಳ ಜ್ಯಾಮಿತಿ' ಎಂಬ ಅವರ ಗ್ರಂಥದ ಮೊದಲ ಭಾಗ 1896ರಲ್ಲಿ ಪ್ರಕಟವಾಯಿತು.

ಅದೇ ವರ್ಷ ಅವರು ಸ್ವಿಟ್ಜರ್ಲೆಂಡಿನ ಜೂರಿಕ್ ಪಾಲಿಟೆಕ್ನಿಕ್ಕಿನಲ್ಲಿ ಪ್ರಾಧ್ಯಾಪಕರಾದರು. ಅಲ್ಲಿನ ವಿದ್ಯಾರ್ಥಿಗಳಲ್ಲಿ ಆಲ್ಬರ್ಟ್ ಐನ್‌ಸ್ಟೀನ್ ಒಬ್ಬರು. ಐನ್‌ಸ್ಟೀನ್ ತರಗತಿಗಳನ್ನು ತಪ್ಪಿಸಿಕೊಂಡು, ಗೆಳೆಯ ಗ್ರಾಸ್‌ಮನ್ ಬರೆದ ಟಿಪ್ಪಣಿಗಳನ್ನೋದಿ ಪರೀಕ್ಷೆಗೆ ಸಿದ್ಧರಾಗುತ್ತಿದ್ದರು. ಗುರುಗಳು ಅವರನ್ನು ಸೋಮಾರಿಯೆಂದೇ ಭಾವಿಸಿದ್ದರು. 1902ರಲ್ಲಿ ಮಿಂಕೋವ್‌ಸ್ಕಿ ಜರ್ಮನಿಯ ಗೋಟಿಂಗನ್ ವಿಶ್ವವಿದ್ಯಾನಿಲಯಕ್ಕೆ ಹೋಗಿ, ಅಲ್ಲಿದ್ದ ಹಿಲ್ಬರ್ಟರನ್ನು ಸೇರಿಕೊಂಡರು.

1905ರಲ್ಲಿ ಐನ್‌ಸ್ಟೀನ್ ವಿಶೇಷ ಸಾಪೇಕ್ಷ ಸಿದ್ಧಾಂತವನ್ನು ಪ್ರಕಟಿಸಿದರು. ಬೆಳಕಿನ ವೇಗ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್. ನಿಂತವನು ಅಳೆದರೂ, ಒಂದೇ ವೇಗದಲ್ಲಿ ನೇರವಾಗಿ ಸಾಗುವವನು ಅಳೆದರೂ ಅದು ಬದಲಾಗದು. ಹಾಗಾಗಬೇಕಾದರೆ ಅವರಿಬ್ಬರ ಗಡಿಯಾರಗಳೂ ಅಳತೆಗೋಲುಗಳೂ ಒಂದೇ ಲೆಕ್ಕವನ್ನು ಕೊಡಲಾರವು. ಈ ಮಾತು ವಿದ್ವಾಂಸರಿಗೂ ಒಗಟಾಗಿತ್ತು. ಸೋಮಾರಿಯೆಂದು ಬಗೆದ ಹುಡುಗನಿಂದ ಇಂತಹ ಕಾರ್ಯವಾದುದನ್ನು ಕಂಡು ಮಿಂಕೋವ್‌ಸ್ಕಿ ಬೆರಗಾದರು. ಆದರೆ ಅವರ ಮನಸ್ಸಿನಲ್ಲಿ ಮತ್ಸರ ಹುಟ್ಟಲಿಲ್ಲ. ಆ ಸಿದ್ಧಾಂತಕ್ಕೊಂದು ರೂಪ ಕೊಡಬೇಕೆಂಬ ಹಂಬಲ ಹುಟ್ಟಿತು.

1908ರ ಸೆಪ್ಟೆಂಬರ್ 21ರಂದು ಕಲೋನ್ ನಗರದ ವಿಜ್ಞಾನ ಸಮ್ಮೇಳನದಲ್ಲಿ ಅವರು ದೇಶ ಮತ್ತು ಕಾಲಗಳನ್ನು ಕುರಿತು ಉಪನ್ಯಾಸ ಮಾಡಿದರು. ದೇಶವೆಂದರೆ ಇಲ್ಲಿ ನಾಡೆಂದಲ್ಲ, ವಸ್ತುಗಳಿರುವ ಎಡೆ. ದೇಶವೂ ಕಾಲವೂ ಬೇರೆ ಬೇರೆಯಲ್ಲ, ಒಂದೇ ಹಾಸಿನ ಎಳೆಗಳೆಂಬುದು ಅವರ ಪ್ರತಿಪಾದನೆ. ಅದನ್ನು ಅವರು ನಕ್ಷೆಯಲ್ಲಿ ತೋರಿಸಿದರು. ಅಡ್ಡಗೆರೆಯು ದೂರವನ್ನೂ, ನೆಟ್ಟಗೆರೆಯು ಕಾಲವನ್ನೂ ಸೂಚಿಸುತ್ತದೆ. ಒಂದು ಘಟನೆ ಒಂದು ಬಿಂದು. ನಿಂತ ಮರದ ಬಾಳು ನೆಟ್ಟಗಿನ ಗೆರೆ. ಓಡುವ ರೈಲಿನದು ಓರೆಗೆರೆ. ಒಂದು ಸೆಕೆಂಡನ್ನೂ 3 ಲಕ್ಷ ಕಿಲೋಮೀಟರನ್ನೂ ಸಮನಾದ ಉದ್ದದಿಂದ ತೋರಿಸಿದರೆ, ಬೆಳಕಿನ ಗೆರೆ 45 ಡಿಗ್ರಿ ಓರೆಯಾಗುತ್ತದೆ. ಚಲಿಸುವವನ ಕಾಲರೇಖೆಯೂ ದೂರರೇಖೆಯೂ ಕತ್ತರಿಯ ಅಲಗುಗಳಂತೆ ಈ ಬೆಳಕಿನ ಗೆರೆಯ ಕಡೆಗೆ ಬಾಗುತ್ತವೆ. ಆದುದರಿಂದಲೇ ಒಬ್ಬನಿಗೆ ಏಕಕಾಲದಲ್ಲಿ ನಡೆದ ಘಟನೆಗಳು ಇನ್ನೊಬ್ಬನಿಗೆ ಹಿಂದುಮುಂದಾಗಿ ತೋರುತ್ತವೆ.

ಹಾಗಾದರೆ ಎಲ್ಲರಿಗೂ ಸಮಾನವಾದುದು ಏನೂ ಇಲ್ಲವೆ? ಇದೆ. ಪ್ರಯಾಣಿಕನೊಬ್ಬನು ಭೂಮಿಯ ಗಡಿಯಾರದಂತೆ 5 ಸೆಕೆಂಡುಗಳಲ್ಲಿ 9 ಲಕ್ಷ ಕಿಲೋಮೀಟರ್ ಸಾಗಿದನೆಂದು ಭಾವಿಸೋಣ. ಅದು ಬೆಳಕು 3 ಸೆಕೆಂಡುಗಳಲ್ಲಿ ಸಾಗುವ ದೂರ. 5ರ ವರ್ಗವಾದ 25ರಿಂದ 3ರ ವರ್ಗವಾದ 9ನ್ನು ಕಳೆದರೆ 16. ಅದರ ವರ್ಗಮೂಲ 4. ಪ್ರಯಾಣಿಕನ ಕೈಗಡಿಯಾರದಲ್ಲಿ ಕಳೆದಿರುವುದು 4 ಸೆಕೆಂಡು. ದೂರ, ಕಾಲಗಳ ಅಳತೆಯನ್ನು ಯಾರು ಮಾಡಿದರೂ ಈ ವ್ಯವಕಲನದಿಂದ ಬರುವ ಫಲ ಒಂದೇ.

ಉಪನ್ಯಾಸ ಮಾಡಿ ನಾಲ್ಕು ತಿಂಗಳೂ ತುಂಬಿರಲಿಲ್ಲ. ಅಪೆಂಡಿಸೈಟಿಸ್ ರೋಗವು ಹಠಾತ್ತನೆ ಎರಗಿ, 1909ರ ಜನವರಿ 12ರಂದು ಮಿಂಕೋವ್‌ಸ್ಕಿ ತಮ್ಮ ನಲವತ್ತನಾಲ್ಕನೆಯ ವಯಸ್ಸಿನಲ್ಲಿ ತೀರಿಕೊಂಡರು. ಮಡದಿಯೂ ಎಳೆಯ ಇಬ್ಬರು ಹೆಣ್ಣುಮಕ್ಕಳೂ ಅನಾಥರಾದರು. ಹಿಲ್ಬರ್ಟ್ ಆ ಸುದ್ದಿಯನ್ನು ತಿಳಿಸುತ್ತ ವಿದ್ಯಾರ್ಥಿಗಳೆದುರಿಗೇ ಕಣ್ಣೀರಿಟ್ಟರು. ಮುಂದೆ ಗೆಳೆಯನ ಪ್ರಬಂಧಗಳನ್ನು ಸಂಗ್ರಹಿಸಿ 1911ರಲ್ಲಿ ಪ್ರಕಟಿಸಿದರು.

ಗುರುವಿನ ಈ ಕಾಣಿಕೆಯನ್ನು ಶಿಷ್ಯನು ಮೊದಲು ಅನಾವಶ್ಯಕ ಪಾಂಡಿತ್ಯವೆಂದು ಬಗೆದಿದ್ದನು. ಆದರೆ ಗುರುತ್ವವನ್ನೂ ಒಳಗೊಳ್ಳುವ ವ್ಯಾಪಕ ಸಿದ್ಧಾಂತವನ್ನು ಕಟ್ಟತೊಡಗಿದಾಗ ಅದಿಲ್ಲದೆ ಒಂದು ಹೆಜ್ಜೆಯೂ ಸಾಗದೆಂಬುದು ಐನ್‌ಸ್ಟೀನರಿಗೆ ಮನವರಿಕೆಯಾಯಿತು. 1916ರ ತಮ್ಮ ಮಹಾಪ್ರಬಂಧದಲ್ಲಿ ಅವರು ಆ ಋಣವನ್ನು ಸ್ಮರಿಸಿದರು. ಅದನ್ನು ಓದಲು ಗುರುವು ಬದುಕಿರಲಿಲ್ಲ.

ಮಿಂಕೋವ್‌ಸ್ಕಿಯವರ ನಕ್ಷೆಯಲ್ಲಿ ಕಲಿಯುವವರಿಗೆ ಒಂದು ತೊಡಕಿದೆ. ಮೇಲಿನ ಉದಾಹರಣೆಯಲ್ಲಿ ಪ್ರಯಾಣಿಕನ 4 ಸೆಕೆಂಡುಗಳ ಓರೆಗೆರೆಯು ಭೂಮಿಯ 5 ಸೆಕೆಂಡುಗಳ ನೆಟ್ಟಗೆರೆಗಿಂತ ಉದ್ದವಾಗಿ ಕಾಣುತ್ತದೆ. ಕಡಿಮೆ ಕಾಲಕ್ಕೆ ಉದ್ದ ಗೆರೆ! ಇಬ್ಬರ ಅಳತೆಯ ಮಾನಗಳು ಅಲ್ಲಿ ಬೇರೆ ಬೇರೆಯಾಗಿರುವುದೇ ಇದಕ್ಕೆ ಕಾರಣ. ಇದನ್ನು ನಿವಾರಿಸಲು ಹಲವರು ಹೊಸ ನಕ್ಷೆಗಳನ್ನು ರಚಿಸಿದರು. 1921ರಲ್ಲಿ ಸ್ವಿಟ್ಜರ್ಲೆಂಡಿನ ಪಾಲ್ ಗ್ರೂನರ್ ಅವರೂ, 1948ರಲ್ಲಿ ಅರ್ಜೆಂಟೀನದಲ್ಲಿ ಬೋಧಿಸುತ್ತಿದ್ದ ಎನ್ರಿಕೆ ಲೋಡೆಲ್ ಅವರೂ ಇಬ್ಬರು ವೀಕ್ಷಕರ ರೇಖೆಗಳನ್ನು ಎಡಬಲಕ್ಕೆ ಸಮನಾಗಿ ಓರೆಮಾಡಿ ಬರೆದರು. ಆಗ ಇಬ್ಬರ ಮಾನವೂ ಒಂದೇ ಆಯಿತು. 1980ರ ದಶಕದಲ್ಲಿ ಅಮೆರಿಕದ ಲೂಯಿಸ್ ಎಪ್‌ಸ್ಟೀನ್ ಪ್ರಯಾಣಿಕನ ಸ್ವಂತ ಕಾಲವನ್ನೇ ನೆಟ್ಟಗೆರೆಯಾಗಿಸಿದರು. ಆಗ 3, 4, 5 ಎಂಬ ಅಳತೆಗಳು ಶಾಲೆಯ ಮಕ್ಕಳಿಗೆ ಪರಿಚಿತವಾದ ಲಂಬಕೋನ ತ್ರಿಭುಜವಾಗಿಬಿಟ್ಟವು.

ಆದರೆ ಗ್ರೂನರ್, ಲೋಡೆಲರ ನಕ್ಷೆಯ ಸೌಲಭ್ಯ ಇಬ್ಬರು ವೀಕ್ಷಕರಿಗೇ ಸೀಮಿತ. ಎಪ್‌ಸ್ಟೀನರ ನಕ್ಷೆಯಲ್ಲಿ ಇಬ್ಬರು ಸಂಧಿಸುವ ಒಂದೇ ಘಟನೆಯು ಎರಡು ಬಿಂದುಗಳಾಗಿ ಒಡೆಯಬಹುದು. ಪ್ರತಿಯೊಂದು ಘಟನೆಗೂ ಒಂದೇ ಬಿಂದುವನ್ನಿತ್ತು, ಎಷ್ಟು ವೀಕ್ಷಕರಿದ್ದರೂ ಎಲ್ಲರಿಗೂ ಎಡೆಗೊಡುವ ಮಿಂಕೋವ್‌ಸ್ಕಿಯವರ ನಕ್ಷೆಯು ಇಂದಿಗೂ ಇವುಗಳಿಗೆಲ್ಲ ತಾಯಿಯಂತಿದೆ. ನಕ್ಷೆಗಳು ಹಲವು, ಅವು ಹೇಳುವ ಸತ್ಯ ಒಂದೇ. ಕಾಣದ ಕಾಲಕ್ಕೂ ಗೆರೆಯೆಳೆದು ಆ ಸತ್ಯವನ್ನು ಕಣ್ಣಿಗೆ ಕಾಣಿಸಿದ ಕೀರ್ತಿ ಆ ಗುರುವಿನದು.