ಜೀವವಿಕಾಸಕ್ಕೆ ಲೆಕ್ಕ ಬರೆದ ಹಾಲ್ಡೇನ್

ಜೆ.ಬಿ.ಎಸ್. ಹಾಲ್ಡೇನ್ ಅವರ ಹೆಸರನ್ನು ನಮ್ಮ ಸೈನ್ಸ್ ವಿಭಾಗದ ಗೆಳೆಯರು ಜೀವದ ಉಗಮದ ಪಾಠದಲ್ಲಿ ಓದಿರುತ್ತಾರೆ. ನಾನು ಕಾಮರ್ಸ್ ವಿದ್ಯಾರ್ಥಿನಿ. ನನಗೆ ಅವರ ಬಗ್ಗೆ ಆಸಕ್ತಿ ಹುಟ್ಟಿದ್ದು ಬೇರೆ ಕಾರಣಕ್ಕೆ. ಡಾರ್ವಿನ್ನರ ಸಿದ್ಧಾಂತಕ್ಕೆ ಗಣಿತ ಕೊಟ್ಟ ಈ ಮನುಷ್ಯ ವಿಜ್ಞಾನದಲ್ಲಿ ಪದವಿಯನ್ನೇ ಪಡೆದಿರಲಿಲ್ಲ.

ಹಾಲ್ಡೇನ್ ಹುಟ್ಟಿದ್ದು 1892ರ ನವೆಂಬರ್ 5ರಂದು, ಇಂಗ್ಲೆಂಡಿನ ಆಕ್ಸ್‌ಫರ್ಡ್‌ನಲ್ಲಿ. ತಂದೆ ಗಣಿಗಳೊಳಗಿನ ವಿಷಗಾಳಿಯನ್ನು ಪರೀಕ್ಷಿಸುತ್ತಿದ್ದ ವಿಜ್ಞಾನಿ. ಮಗನನ್ನೂ ಗಣಿಗೆ ಕರೆದುಕೊಂಡು ಹೋಗುತ್ತಿದ್ದರು. ಒಮ್ಮೆ ಹುಡುಗನನ್ನು ನಿಲ್ಲಿಸಿ ಷೇಕ್ಸ್‌ಪಿಯರ್ ನಾಟಕದ ಭಾಷಣ ಒಪ್ಪಿಸಲು ಹೇಳಿದರು. ಸ್ವಲ್ಪ ಹೊತ್ತಿನಲ್ಲೇ ಉಸಿರು ಕಟ್ಟಿ ಅವನು ಕೆಳಗೆ ಬಿದ್ದ. ಆ ಗಾಳಿ ಮೇಲುಗಡೆಯೇ ತುಂಬಿರುತ್ತದೆ, ನೆಲದ ಹತ್ತಿರ ಉಸಿರಾಡಬಹುದು ಎಂದು ಮಗನಿಗೆ ಹೀಗೆ ಪಾಠವಾಯಿತು. ಮುಂದೆ ಹಾಲ್ಡೇನ್ ಕೂಡ ತಮ್ಮ ಮೈಮೇಲೆಯೇ ಅಪಾಯಕಾರಿ ಪ್ರಯೋಗಗಳನ್ನು ಮಾಡಿಕೊಂಡರು.

ಕಾಲೇಜಿನಲ್ಲಿ ಅವರು ಓದಿದ್ದು ಗಣಿತ, ಆಮೇಲೆ ಗ್ರೀಕ್, ಲ್ಯಾಟಿನ್ ಮತ್ತು ತತ್ವಶಾಸ್ತ್ರ. ಮೊದಲ ಮಹಾಯುದ್ಧದಲ್ಲಿ ಸೈನಿಕರಾಗಿ ಈಗಿನ ಇರಾಕ್ ಇರುವ ಕಡೆ ಗಾಯಗೊಂಡರು. ಚಿಕಿತ್ಸೆಗೆಂದು ಅವರನ್ನು ಕಳಿಸಿದ್ದು ಭಾರತಕ್ಕೆ. ಆಗಲೇ ಈ ದೇಶ ಅವರಿಗೆ ಹಿಡಿಸಿತು. ಯುದ್ಧ ಮುಗಿದ ಮೇಲೆ ಕೇಂಬ್ರಿಡ್ಜ್‌ನಲ್ಲಿ, 1933ರಿಂದ ಲಂಡನ್ನಿನಲ್ಲಿ ಪಾಠ ಮಾಡಿದರು.

ಆ ಕಾಲದಲ್ಲಿ ಡಾರ್ವಿನ್ನರ ಸಿದ್ಧಾಂತ ಕಷ್ಟದಲ್ಲಿತ್ತು. ಒಂದೇ ಜಾತಿಯ ಜೀವಿಗಳಲ್ಲಿ ಸಣ್ಣ ಸಣ್ಣ ವ್ಯತ್ಯಾಸಗಳಿರುತ್ತವೆ, ಬದುಕಲು ನೆರವಾಗುವ ವ್ಯತ್ಯಾಸ ಇರುವವು ಹೆಚ್ಚು ಮರಿ ಬಿಡುತ್ತವೆ, ಹೀಗೆ ತಲೆಮಾರುಗಳು ಕಳೆದಂತೆ ಜೀವಿಗಳೇ ಬದಲಾಗುತ್ತವೆ ಎಂದು ಡಾರ್ವಿನ್ 1859ರಲ್ಲಿ ಬರೆದಿದ್ದರು. ಇದೇ ನೈಸರ್ಗಿಕ ಆಯ್ಕೆ. ಆದರೆ ಇಷ್ಟು ಸಣ್ಣ ಬದಲಾವಣೆಗಳಿಂದ ಇಷ್ಟು ದೊಡ್ಡ ಜೀವಲೋಕ ಬರಲು ಸಾಧ್ಯವೇ ಎಂದು ಅನೇಕ ವಿಜ್ಞಾನಿಗಳೇ ಅನುಮಾನಪಟ್ಟರು. 1927ರಲ್ಲಿ ರಷ್ಯಾದ ಫಿಲಿಪ್ಚೆಂಕೊ ಎರಡು ಪದಗಳನ್ನು ತಂದರು. ಒಂದೇ ಪ್ರಭೇದದ ಒಳಗಿನ ಬದಲಾವಣೆಗೆ ಮೈಕ್ರೋ ವಿಕಾಸ. ಹೊಸ ಪ್ರಭೇದ, ಹೊಸ ಗುಂಪುಗಳು ಹುಟ್ಟುವಂತಹ ದೊಡ್ಡ ಬದಲಾವಣೆಗೆ ಮ್ಯಾಕ್ರೋ ವಿಕಾಸ. ಎರಡನೆಯದಕ್ಕೆ ಬೇರೆಯೇ ಕಾರಣ ಬೇಕು ಎಂಬುದು ಅವರ ಅಭಿಪ್ರಾಯ. ಅವರ ಬಳಿ ಕಲಿತ ಡೊಬ್ಜಾನ್ಸ್ಕಿ ಅಮೆರಿಕಕ್ಕೆ ಹೋಗಿ 1937ರಲ್ಲಿ ಅದೇ ಪದಗಳನ್ನು ಇಂಗ್ಲಿಷಿಗೆ ತಂದರು. ಆದರೆ ಅವರು ಗುರುಗಳ ದಾರಿ ಬಿಟ್ಟು, ಮೈಕ್ರೋ ವಿಕಾಸದ ಕಾರಣಗಳಿಂದಲೇ ಮ್ಯಾಕ್ರೋ ವಿಕಾಸವನ್ನೂ ಅರ್ಥ ಮಾಡಿಕೊಳ್ಳಬೇಕು ಎಂದರು.

ಈ ವಾದ ನಮ್ಮ ಕ್ಯಾಂಟೀನಿನಲ್ಲೂ ನಡೆಯುತ್ತದೆ. ಸಣ್ಣ ಬದಲಾವಣೆಯನ್ನು ಎಲ್ಲರೂ ಒಪ್ಪುತ್ತಾರೆ. ನಮ್ಮೂರಿನ ರೇಷ್ಮೆ ಹುಳುವನ್ನೇ ನೋಡಿ. ಮನುಷ್ಯ ಸಾವಿರಾರು ವರ್ಷ ಸಾಕಿ, ಆರಿಸಿ, ಅದರ ಪತಂಗಕ್ಕೆ ರೆಕ್ಕೆ ಇದ್ದರೂ ಹಾರಲು ಬಾರದಂತಾಗಿದೆ. ಅದು ಸರಿ, ಆದರೆ ದೊಡ್ಡ ಬದಲಾವಣೆ ಹೇಗೆ ಸಾಧ್ಯ ಎಂದು ಕೇಳುತ್ತಾರೆ. ಒಳ್ಳೆಯ ಪ್ರಶ್ನೆಯೇ. ಹಾಲ್ಡೇನ್ ಅದನ್ನು ಲೆಕ್ಕದ ಪ್ರಶ್ನೆಯಾಗಿ ಮಾಡಿದರು: ಬದಲಾವಣೆಯ ದರ ಎಷ್ಟು? ಅವಧಿ ಎಷ್ಟು?

1924ರಲ್ಲಿ ಅವರು ಮ್ಯಾಂಚೆಸ್ಟರ್‌ನ ಒಂದು ಪತಂಗವನ್ನು ತೆಗೆದುಕೊಂಡರು. ಅದರ ಬಣ್ಣ ಬಿಳಿ, ಮೇಲೆ ಕಪ್ಪು ಚುಕ್ಕೆ. 1848ರಲ್ಲಿ ಅಲ್ಲಿ ಪೂರ್ತಿ ಕಪ್ಪಾದ ಪತಂಗ ಮೊದಲು ಸಿಕ್ಕಿತು. ಕಾರ್ಖಾನೆಗಳ ಹೊಗೆಯಿಂದ ಮರಗಳು ಕಪ್ಪಾದವು. 1900ರ ಹೊತ್ತಿಗೆ ಹೆಚ್ಚುಕಡಿಮೆ ಎಲ್ಲ ಪತಂಗಗಳೂ ಕಪ್ಪು. ಸುಮಾರು 50 ವರ್ಷಗಳಲ್ಲಿ ಹೀಗಾಗಬೇಕಾದರೆ ಬಿಳಿ ಪತಂಗಕ್ಕಿಂತ ಕಪ್ಪು ಪತಂಗ ಶೇ. 50ರಷ್ಟು ಹೆಚ್ಚು ಸಂತತಿ ಉಳಿಸಬೇಕು ಎಂದು ಹಾಲ್ಡೇನ್ ಲೆಕ್ಕ ಹಾಕಿದರು. ಇದು ತುಂಬಾ ಜಾಸ್ತಿ ಎಂದು ಹಲವರಿಗೆ ಅನಿಸಿತು. 1950ರ ದಶಕದಲ್ಲಿ ಕಾಡಿನಲ್ಲಿ ನಡೆಸಿದ ಪ್ರಯೋಗಗಳು ಕಪ್ಪು ಪತಂಗಕ್ಕೆ ನಿಜವಾಗಿಯೂ ದೊಡ್ಡ ಲಾಭವಿತ್ತು ಎಂದು ತೋರಿಸಿದವು. ಗಾಳಿ ಶುದ್ಧವಾದ ಮೇಲೆ ಬಿಳಿ ಪತಂಗಗಳು ಮತ್ತೆ ಹೆಚ್ಚಾದವು.

ಇದು ಮೈಕ್ರೋ ವಿಕಾಸ. 1949ರಲ್ಲಿ ಹಾಲ್ಡೇನ್ ಮ್ಯಾಕ್ರೋ ವಿಕಾಸಕ್ಕೂ ಒಂದು ಅಳತೆಗೋಲು ಮಾಡಿ ಅದಕ್ಕೆ ಡಾರ್ವಿನ್ ಎಂದೇ ಹೆಸರಿಟ್ಟರು. ಅದು ಚಕ್ರಬಡ್ಡಿಯ ಲೆಕ್ಕವೇ. ನಮ್ಮ ಅಬ್ಬಾ ಬಡ್ಡಿ ಕೊಡುವವರೂ ಅಲ್ಲ, ತೆಗೆದುಕೊಳ್ಳುವವರೂ ಅಲ್ಲ. ಆದರೂ ಪರೀಕ್ಷೆಗೆ ಆ ಲೆಕ್ಕ ಕಲಿ ಎಂದು ನನ್ನನ್ನು ಕೂರಿಸುತ್ತಾರೆ. ಅದು ಇಲ್ಲಿ ಉಪಯೋಗಕ್ಕೆ ಬಂತು. ಕುದುರೆಯ ಪೂರ್ವಜರು ಸುಮಾರು 5.5 ಕೋಟಿ ವರ್ಷಗಳ ಹಿಂದೆ ನಾಯಿಯಷ್ಟಿದ್ದ, ಎಲೆ ತಿನ್ನುವ ಪ್ರಾಣಿಗಳು. ಮುಂದೆ ಹುಲ್ಲು ತಿನ್ನತೊಡಗಿದ ಪೀಳಿಗೆಗಳಲ್ಲಿ ಹಲ್ಲು ಎತ್ತರವಾಯಿತು. ಪಳೆಯುಳಿಕೆಗಳ ಅಳತೆಯಿಂದ ಹಾಲ್ಡೇನ್ ಕಂಡ ದರ 10 ಲಕ್ಷ ವರ್ಷಕ್ಕೆ ಸುಮಾರು ಶೇ. 4. ನಮಗೆ ಕಲಿಸುವ 72ರ ಸೂತ್ರ ಹಾಕಿ ನೋಡಿ: 72ನ್ನು 4ರಿಂದ ಭಾಗಿಸಿದರೆ 18. ಅಂದರೆ 1.8 ಕೋಟಿ ವರ್ಷಕ್ಕೊಮ್ಮೆ ಎರಡು ಪಟ್ಟು. 5.5 ಕೋಟಿ ವರ್ಷದಲ್ಲಿ ಮೂರು ಸಲ, ಒಟ್ಟು ಎಂಟು ಪಟ್ಟು. ಆ ಕುದುರೆಗಳ ನಡುವೆಯೇ ಜೀವಮಾನವಿಡೀ ಇದ್ದವರಿಗೂ ಏನೂ ಬದಲಾಗಿದ್ದು ಕಾಣುತ್ತಿರಲಿಲ್ಲ. ಪತಂಗದ ಬದಲಾವಣೆ ಇದಕ್ಕಿಂತ ಎಷ್ಟೋ ವೇಗದ್ದು. ದರ ಸಾಲದು ಎಂಬ ವಾದ ಇಲ್ಲಿ ನಿಲ್ಲುವುದಿಲ್ಲ.

ಹಲ್ಲು ಬೆಳೆಯುವುದು ಬೇರೆ, ಒಂದು ಪ್ರಭೇದ ಎರಡಾಗುವುದು ಬೇರೆ. ಅದಕ್ಕೆ ಎರಡು ಗುಂಪುಗಳು ದೂರವಾಗಿ, ಕೊನೆಗೆ ತಮ್ಮತಮ್ಮಲ್ಲಿ ಕೂಡದಂತಾಗಬೇಕು. ಆ ದಾರಿಯ ಮೊದಲ ಹೆಜ್ಜೆಗಳನ್ನು ನೋಡಲು ನಾವು ದೂರ ಹೋಗಬೇಕಿಲ್ಲ. ಮಾನಸಗಂಗೋತ್ರಿಯ ಪ್ರಾಣಿಶಾಸ್ತ್ರ ವಿಭಾಗದಲ್ಲಿ 8 ಕ್ರೋಮೋಸೋಮಿನ ಹಣ್ಣು ನೊಣವನ್ನೂ 6 ಕ್ರೋಮೋಸೋಮಿನ ಹಣ್ಣು ನೊಣವನ್ನೂ ಕೂಡಿಸಿ, ಅನೇಕ ತಲೆಮಾರು ಸಾಕಿ, ಕ್ರೋಮೋಸೋಮುಗಳ ಜೋಡಣೆಯೇ ಬೇರೆಯಾದ ಹೊಸ ತಳಿಗಳನ್ನು ಪಡೆದಿದ್ದಾರೆ. ಮ್ಯಾಕ್ರೋ ವಿಕಾಸದಲ್ಲಿ ಇನ್ನೂ ಪ್ರಶ್ನೆಗಳಿವೆ. ಕೆಲವು ಜೀವಿಗಳು ಲಕ್ಷಾಂತರ ವರ್ಷ ಬದಲಾಗದೆ ಉಳಿದು, ಆಮೇಲೆ ಬೇಗ ಕವಲೊಡೆದದ್ದೇಕೆ ಎಂಬ ಚರ್ಚೆಯನ್ನು 1972ರಲ್ಲಿ ಎಲ್ಡ್ರೆಡ್ಜ್ ಮತ್ತು ಗೌಲ್ಡ್ ಎತ್ತಿದರು. ಅವರೂ ನೈಸರ್ಗಿಕ ಆಯ್ಕೆಯನ್ನು ಕೈಬಿಡಲಿಲ್ಲ.

ನಮ್ಮಲ್ಲಿ ಕೆಲವರಿಗೆ ಈ ವಿಷಯ ಮಾತಾಡಲೇ ಹಿಂಜರಿಕೆ. ಹಾಲ್ಡೇನ್ ದೇವರನ್ನು ನಂಬದವರು, ನಿಜ. ಆದರೆ ಅವರ ಜೊತೆಗೆ ಈ ಗಣಿತ ಕಟ್ಟಿದ ಫಿಶರ್ ಶ್ರದ್ಧೆಯಿಂದ ಚರ್ಚಿಗೆ ಹೋಗುತ್ತಿದ್ದವರು. ಡೊಬ್ಜಾನ್ಸ್ಕಿಯೂ ಆಸ್ತಿಕರೇ. ಪತಂಗದ ಲೆಕ್ಕ ಮೂವರಿಗೂ ಒಂದೇ ಆಗಿತ್ತು. ಮನೆಯಲ್ಲಿ ಏನು ನಂಬುತ್ತೇವೆ ಎನ್ನುವುದು ಅವರವರ ಮನಸ್ಸಿನ ವಿಷಯ. ಲೆಕ್ಕ ನೋಡುವ ಮೊದಲೇ ಉತ್ತರ ತಪ್ಪು ಎನ್ನಬಾರದು ಎಂದಷ್ಟೇ ನಾನು ಹೇಳುವುದು.

1957ರಲ್ಲಿ ಹಾಲ್ಡೇನ್ ಇಂಗ್ಲೆಂಡ್ ಬಿಟ್ಟು ಪತ್ನಿ ಹೆಲೆನ್ ಸ್ಪರ್ವೇ ಜೊತೆ ಭಾರತಕ್ಕೇ ಬಂದುಬಿಟ್ಟರು. ನಮ್ಮ ಅರ್ಥಶಾಸ್ತ್ರ ಪುಸ್ತಕದಲ್ಲಿ ಎರಡನೇ ಪಂಚವಾರ್ಷಿಕ ಯೋಜನೆಯ ಪಾಠದಲ್ಲಿ ಬರುವ ಮಹಾಲನೋಬಿಸ್ ಅವರೇ ಕಲ್ಕತ್ತೆಯ ತಮ್ಮ ಸಂಖ್ಯಾಶಾಸ್ತ್ರ ಸಂಸ್ಥೆಗೆ ಕರೆಸಿಕೊಂಡಿದ್ದರು. ಹಾಲ್ಡೇನ್ ಕುರ್ತಾ ತೊಟ್ಟರು, ಮಾಂಸ ಬಿಟ್ಟರು, ಭಾರತದ ಪ್ರಜೆಯಾದರು. ದುಬಾರಿ ಯಂತ್ರಗಳಿಲ್ಲ ಎಂದು ಕೊರಗದೆ ವಿದ್ಯಾರ್ಥಿಗಳಿಗೆ ಎಣಿಸುವ ಕೆಲಸ ಹಚ್ಚಿದರು. ಒಬ್ಬರು ಪಾರಿಜಾತ ಹೂವಿನ ಎಸಳು ಎಣಿಸಿದರು. ಇನ್ನೊಬ್ಬರು ಲಂಟಾನದ ಯಾವ ಬಣ್ಣದ ಹೂವಿಗೆ ಯಾವ ಚಿಟ್ಟೆ ಬರುತ್ತದೆ ಎಂದು ಬರೆದಿಟ್ಟರು.

1962ರಲ್ಲಿ ಅವರು ಭುವನೇಶ್ವರಕ್ಕೆ ಹೋದರು. 1964ರ ಡಿಸೆಂಬರ್ 1ರಂದು ಕ್ಯಾನ್ಸರ್‌ನಿಂದ ಅಲ್ಲಿಯೇ ತೀರಿಕೊಂಡರು. ಅವರ ಇಚ್ಛೆಯಂತೆ ದೇಹವನ್ನು ಕಾಕಿನಾಡದ ಮೆಡಿಕಲ್ ಕಾಲೇಜಿಗೆ, ವಿದ್ಯಾರ್ಥಿಗಳ ಕಲಿಕೆಗೆಂದು ಕೊಡಲಾಯಿತು.

ಪಾರಿಜಾತವೂ ಲಂಟಾನವೂ ಮೈಸೂರಿನಲ್ಲಿ ಬೇಕಾದಷ್ಟಿವೆ. ಎಣಿಸಲು ಬರುವವರು ಕಾಮರ್ಸ್ ವಿಭಾಗದಲ್ಲೂ ಇದ್ದೇವೆ. ಸೈನ್ಸ್ ಗೆಳೆಯರು ಯಾರಾದರೂ ಹೊರಟರೆ ನನ್ನನ್ನೂ ಕರೆಯಿರಿ.