ಚಾರ್ಲ್ಸ್ ಬ್ಯಾಬೇಜ್

ಚಾರ್ಲ್ಸ್ ಬ್ಯಾಬೇಜ್ (ಡಿಸೆಂಬರ್ 26, 1791 – ಅಕ್ಟೋಬರ್ 18, 1871) ಇಂಗ್ಲೆಂಡಿನ ಗಣಿತಜ್ಞ ಹಾಗೂ ಯಂತ್ರ ವಿನ್ಯಾಸಕಾರ. ಕ್ರಮವಿಧಿಯಂತೆ ನಡೆಯುವ ಗಣಕಯಂತ್ರದ ಕಲ್ಪನೆಯನ್ನು ರೂಪಿಸಿದ ಇವರು, ಒಂದು ಲೆಕ್ಕಕ್ಕೆ ಯಂತ್ರವು ತೆಗೆದುಕೊಳ್ಳುವ ಕಾಲದ ಬಗೆಗೂ ಆಳವಾಗಿ ಚಿಂತಿಸಿದರು.

ಜನನ ಮತ್ತು ವಿದ್ಯಾಭ್ಯಾಸ

ಬ್ಯಾಬೇಜ್ ಲಂಡನ್ನಿನಲ್ಲಿ ಜನಿಸಿದರು. ತಂದೆ ಬೆಂಜಮಿನ್ ಬ್ಯಾಂಕ್ ವ್ಯವಹಾರಸ್ಥರು. 1810ರಲ್ಲಿ ಕೇಂಬ್ರಿಡ್ಜ್ ವಿಶ್ವವಿದ್ಯಾಲಯ ಸೇರಿದ ಇವರು 1814ರಲ್ಲಿ ಪದವಿ ಪಡೆದರು. ಅದೇ ವರ್ಷ ಜಾರ್ಜಿಯಾನಾ ವಿಟ್ಮೋರ್ ಅವರನ್ನು ವಿವಾಹವಾದರು. 1816ರಲ್ಲಿ ರಾಯಲ್ ಸೊಸೈಟಿಯ ಸದಸ್ಯರಾಗಿ ಆಯ್ಕೆಯಾದರು. 1827ರಲ್ಲಿ ತಂದೆಯನ್ನೂ ಪತ್ನಿಯನ್ನೂ ಕಳೆದುಕೊಂಡರು. 1828ರಿಂದ 1839ರವರೆಗೆ ಕೇಂಬ್ರಿಡ್ಜಿನಲ್ಲಿ ಲ್ಯೂಕೇಸಿಯನ್ ಪ್ರಾಧ್ಯಾಪಕರಾಗಿದ್ದರು.

ಡಿಫರೆನ್ಸ್ ಎಂಜಿನ್

ನಾವಿಕರು ಮತ್ತು ಖಗೋಳಜ್ಞರು ಬಳಸುತ್ತಿದ್ದ ಗಣಿತದ ಕೋಷ್ಟಕಗಳನ್ನು ಆಗ ಕೈಯಿಂದಲೇ ಲೆಕ್ಕಹಾಕುತ್ತಿದ್ದುದರಿಂದ ಅವುಗಳಲ್ಲಿ ತಪ್ಪುಗಳು ನುಸುಳುತ್ತಿದ್ದವು. ಇದನ್ನು ನಿವಾರಿಸಲು ಬ್ಯಾಬೇಜ್ 1822ರಲ್ಲಿ ಯಂತ್ರದ ಸಣ್ಣ ಮಾದರಿಯೊಂದನ್ನು ಸಿದ್ಧಪಡಿಸಿದರು. ಮರುವರ್ಷ ಸರ್ಕಾರದ ಧನಸಹಾಯ ದೊರೆಯಿತು. ಯಂತ್ರಶಿಲ್ಪಿ ಜೋಸೆಫ್ ಕ್ಲೆಮೆಂಟ್ ಅವರೊಡನೆ ಉಂಟಾದ ವಿವಾದದಿಂದ 1833ರಲ್ಲಿ ಕೆಲಸ ನಿಂತಿತು. ಸುಮಾರು 17,000 ಪೌಂಡುಗಳನ್ನು ವೆಚ್ಚ ಮಾಡಿದ ಸರ್ಕಾರ 1842ರಲ್ಲಿ ಯೋಜನೆಯನ್ನು ಕೈಬಿಟ್ಟಿತು.

ಅನಲಿಟಿಕಲ್ ಎಂಜಿನ್ ಮತ್ತು ಕಾಲದ ಲೆಕ್ಕ

1834ರಿಂದ ಬ್ಯಾಬೇಜ್ ಅನಲಿಟಿಕಲ್ ಎಂಜಿನ್ನಿನ ವಿನ್ಯಾಸದಲ್ಲಿ ತೊಡಗಿದರು. ಸಂಖ್ಯೆಗಳನ್ನು ಇರಿಸುವ ಉಗ್ರಾಣ, ಲೆಕ್ಕ ಮಾಡುವ ಗಿರಣಿ ಎಂಬ ಎರಡು ಭಾಗಗಳು ಇದರಲ್ಲಿದ್ದವು. ಜಕಾರ್ಡ್ ಮಗ್ಗದಲ್ಲಿರುವಂತೆ ರಂಧ್ರಗಳಿರುವ ಕಾರ್ಡುಗಳು ಯಂತ್ರಕ್ಕೆ ಸೂಚನೆ ನೀಡಬೇಕಿತ್ತು.

ಕೂಡುವಾಗ ದಶಕವನ್ನು ಒಂದು ಸ್ಥಾನದಿಂದ ಮುಂದಿನದಕ್ಕೆ ಒಂದೊಂದಾಗಿ ಒಯ್ದರೆ ಹೆಚ್ಚು ಕಾಲ ವ್ಯಯವಾಗುತ್ತದೆ. 9999ಕ್ಕೆ 1 ಸೇರಿಸಿದಾಗ ನಾಲ್ಕೂ ಸ್ಥಾನಗಳು ಸರದಿಯಂತೆ ಬದಲಾಗಬೇಕು. ಇದನ್ನು ತಪ್ಪಿಸಲು ಎಲ್ಲ ದಶಕಗಳನ್ನೂ ಮುಂಚಿತವಾಗಿ ಗುರುತಿಸಿ ಒಮ್ಮೆಲೇ ಒಯ್ಯುವ ವ್ಯವಸ್ಥೆಯನ್ನು ಅವರು ರೂಪಿಸಿದರು. ಇಪ್ಪತ್ತು ಅಂಕಿಗಳ ಎರಡು ಸಂಖ್ಯೆಗಳ ಗುಣಾಕಾರಕ್ಕೆ ಮೂರು ನಿಮಿಷ ಸಾಕೆಂಬ ಅಂದಾಜು ಲುಯಿಜಿ ಮೆನಾಬ್ರಿಯಾ ಅವರ 1842ರ ಲೇಖನದಲ್ಲಿದೆ. 1843ರಲ್ಲಿ ಇದನ್ನು ಅನುವಾದಿಸಿದ ಅಡಾ ಲವ್‌ಲೇಸ್ ತಮ್ಮ ಟಿಪ್ಪಣಿಗಳಲ್ಲಿ, ಕಡಿಮೆ ಕಾಲ ಹಿಡಿಯುವ ಕ್ರಮವನ್ನು ಆಯ್ದುಕೊಳ್ಳುವ ಅಗತ್ಯವನ್ನು ವಿವರಿಸಿದರು. ಇಂಥ ಯಂತ್ರ ಬಂದಾಗ ಅತ್ಯಲ್ಪ ಕಾಲದಲ್ಲಿ ಉತ್ತರ ತಲುಪುವ ಮಾರ್ಗ ಯಾವುದೆಂಬುದೇ ಪ್ರಶ್ನೆಯಾಗುವುದೆಂದು ಬ್ಯಾಬೇಜ್ 1864ರ ಆತ್ಮಕಥನದಲ್ಲಿ ಅಭಿಪ್ರಾಯಪಟ್ಟರು.

ನಿಧನ ಮತ್ತು ಪರಂಪರೆ

ಅನಲಿಟಿಕಲ್ ಎಂಜಿನ್ ಪೂರ್ಣಗೊಳ್ಳುವ ಮೊದಲೇ ಬ್ಯಾಬೇಜ್ ಲಂಡನ್ನಿನಲ್ಲಿ ನಿಧನರಾದರು. ಅವರ ಎರಡನೆಯ ಡಿಫರೆನ್ಸ್ ಎಂಜಿನ್ನಿನ ಲೆಕ್ಕಮಾಡುವ ಭಾಗವನ್ನು ಲಂಡನ್ನಿನ ವಿಜ್ಞಾನ ವಸ್ತುಸಂಗ್ರಹಾಲಯವು ಮೂಲ ನಕ್ಷೆಗಳ ಆಧಾರದಿಂದ 1991ರಲ್ಲಿ ನಿರ್ಮಿಸಿತು; ಅದು ಸರಿಯಾಗಿ ಕೆಲಸ ಮಾಡಿತು. ಅವರು ಎತ್ತಿದ ಕಾಲದ ಪ್ರಶ್ನೆ ಇಂದಿಗೂ ಪ್ರಸ್ತುತವಾಗಿದೆ. ಸಿ ಭಾಷೆಯ ಪ್ರಮಾಣಿತ ಗ್ರಂಥಾಲಯದಲ್ಲಿರುವ ಕ್ಲಾಕ್ ಎಂಬ ಫಂಕ್ಷನ್, ಕ್ರಮವಿಧಿಯೊಂದು ಬಳಸಿದ ಪ್ರೊಸೆಸರ್ ಕಾಲವನ್ನು ಅಳೆಯಲು ನೆರವಾಗುತ್ತದೆ.